ಮ್ಯಾಚಿಂಗ್ ಅಡುಗೆಮನೆ ಬೇಕಾ? ಶೋರೂಮಿಗೆ ಹೋಗೋ ಮೊದಲು ಟೇಪ್ ಹಿಡೀರಿ

ಓವನ್, ಡಿಶ್‌ವಾಷರ್, ಹಾಬ್ (ಕಟ್ಟೆಯೊಳಗೆ ಹುದುಗಿಸುವ ಒಲೆ), ಚಿಮ್ಣಿ, ಫ್ರಿಜ್ಜು ಎಲ್ಲ ಒಂದೇ ಕಂಪನಿಯದ್ದು, ಒಂದೇ ಸೀರೀಸಿನದ್ದು ಇರಬೇಕು ಅನ್ನುವವರು ಈಗ ಜಾಸ್ತಿ. ಶೋರೂಮಿನವರೂ "ಸೆಟ್ ತಗೊಳ್ಳಿ ಮೇಡಂ, ಲುಕ್ಕೇ ಬೇರೆ" ಅಂತಾರೆ. ನನ್ನ ತಕರಾರು ಇಷ್ಟೇ. ಒಂದರ ಪಕ್ಕ ಒಂದು, ಒಂದರ ಮೇಲೊಂದು ಕೂರುವ ಸಾಮಾನು ಮ್ಯಾಚ್ ಆಗಲೇಬೇಕು, ಮಿಕ್ಕಿದ್ದು ಆಗದಿದ್ದರೆ ನಷ್ಟವಿಲ್ಲ. ಆದರೆ ಎಲ್ಲವೂ ನಿಮ್ಮ ಕಟ್ಟೆ, ವೈರು, ಪೈಪು, ನೀರಿಗೆ ಮ್ಯಾಚ್ ಆಗಬೇಕು. ಅದನ್ನು ಶೋರೂಮಿನಲ್ಲಿ ಯಾರೂ ಕೇಳುವುದಿಲ್ಲ.

ಮೊದಲು ಓವನ್ ಗೋಡೆ. ಯುರೋಪಿನ ಬಿಲ್ಟ್-ಇನ್, ಅಂದರೆ ಕಪಾಟಿನ ಗೂಡಿನೊಳಗೆ ಕೂರುವ, ಓವನ್ನಿನ ಮುಖ ಸುಮಾರು 595 ಮಿಲಿಮೀಟರ್ ಎತ್ತರ. ಕಾಂಪ್ಯಾಕ್ಟ್ ಓವನ್ ಅಥವಾ ಮೈಕ್ರೋವೇವ್ 455, ಅದರ ಕೆಳಗೆ ಕೂರುವ ವಾರ್ಮಿಂಗ್ ಡ್ರಾಯರ್ (ಊಟ, ತಟ್ಟೆ ಬಿಸಿಯಾಗಿಡುವ ಡ್ರಾಯರ್) 140. ಕೂಡಿಸಿ ನೋಡಿ, ಅದೂ 595. ಪಕ್ಕಪಕ್ಕ ಇಟ್ಟರೆ ಮೇಲಿನ ಗೆರೆ, ಕೆಳಗಿನ ಗೆರೆ ಒಂದೇ ನೇರಕ್ಕೆ ಬರುತ್ತವೆ. ಇಲ್ಲಿ ಮಾತ್ರ ಬ್ರ್ಯಾಂಡ್ ಬೆರೆಸಬೇಡಿ. ಬಾಷ್, ಸೀಮೆನ್ಸ್, ಗಾಗನಾವ್ ಮೂರೂ ಬಿಎಸ್‌ಎಚ್ ಅನ್ನೋ ಒಂದೇ ಮನೆಯ ಮಕ್ಕಳು, ಆದರೂ ಹ್ಯಾಂಡಲ್, ಡಿಸ್‌ಪ್ಲೇ, ಸ್ಟೀಲಿನ ಛಾಯೆ ಬೇರೆ ಬೇರೆ. ಒಂದು ಈಗ, ಇನ್ನೊಂದು ಎರಡು ವರ್ಷ ಬಿಟ್ಟು ಅನ್ನುವವರು ಸ್ಟೀಲ್ ಮುಟ್ಟಬೇಡಿ, ಕಪ್ಪು ಗಾಜಿನ ಮುಖವನ್ನೇ ಆರಿಸಿ. ಸ್ಟೀಲಿನಲ್ಲಿ ಗೀರಿನ ದಿಕ್ಕು ಬದಲಾದರೂ ಎದ್ದು ಕಾಣುತ್ತದೆ, ಕಪ್ಪು ಗಾಜು ಅಷ್ಟು ಚಾಡಿ ಹೇಳುವುದಿಲ್ಲ.

ಓವನ್ ಕೂರಿಸುವಾಗ ಎಡವಟ್ಟಾಗುವುದು ಬಡಗಿಯ ಅಡಿ ಲೆಕ್ಕದಲ್ಲಿ. ಓವನ್ ಗೂಡಿನ ಒಳ ಅಗಲ 560ರಿಂದ 568 ಮಿಲಿಮೀಟರ್ ಒಳಗಿರಬೇಕು. 600ರ ಪೆಟ್ಟಿಗೆಗೆ ಎರಡೂ ಬದಿ 18ರ ಪ್ಲೈವುಡ್ ಹೋದರೆ 564, ಸರಿಯಾಗಿ ಕೂರುತ್ತದೆ. ಬಡಗಿ "ಎರಡಡಿ ಸಾರ್" ಅಂದರೆ ಅದು 610. ಪ್ಲೈ ಕಳೆದರೆ ಒಳಗೆ 574 ಉಳಿಯಿತು. ಓವನ್ ಒಳಗೇನೋ ಹೋಗುತ್ತದೆ, ಆದರೆ ಬದಿಯ ಸ್ಕ್ರೂ ಪ್ಲೈನ ಅಂಚಿಗೆ ಬೀಳುತ್ತದೆ, ಕಚ್ಚುವುದಿಲ್ಲ. ಬಾಗಿಲು ಎಳೆದಾಗಲೆಲ್ಲ ಇಡೀ ಓವನ್ ಮುಂದೆ ಬರುತ್ತದೆ. ಆದ್ದರಿಂದ ಬಡಗಿಗೆ ಮಿಲಿಮೀಟರಿನಲ್ಲಿ ಬರೆದ ಡ್ರಾಯಿಂಗೇ ಕೊಡಿ. ಗೂಡಿನ ಹಿಂದೆ ಚೆಂದಕ್ಕೆ ಅಂತ ಪ್ಲೈ ಹೊಡೆಸಬೇಡಿ, ಬಿಸಿಗಾಳಿಗೆ ದಾರಿ ಬೇಕು. ಓವನ್ನಿಗೆ ತಾಗಿದ ಪೆಟ್ಟಿಗೆ 90 ಡಿಗ್ರಿ ತಡೆಯಬೇಕು ಅಂತ ಕಂಪನಿಯವರೇ ಬರೆದಿರುತ್ತಾರೆ. ಮೆಂಬ್ರೇನ್ ಶಟರ್ (ಪ್ಲಾಸ್ಟಿಕ್ ಹಾಳೆ ಅಂಟಿಸಿದ ಕಪಾಟಿನ ಬಾಗಿಲು) ಅಂಟು ಬಿಟ್ಟು ಸುಲಿದು ಬರುವುದು ಇದನ್ನು ಓದದ ಮನೆಗಳಲ್ಲಿ. ಪ್ಲಗ್ ಪಾಯಿಂಟ್ ಕೂಡ ಓವನ್ನಿನ ಬೆನ್ನಿಗೆ ಬೇಡ. ಅದು ಪಕ್ಕದ ಕಪಾಟಿನಲ್ಲಿರಲಿ, ಕೈ ಹಾಕಿದರೆ ಆರಿಸುವಂತಿರಲಿ.

ಡಿಶ್‌ವಾಷರ್‌ದು ಇನ್ನೂ ಕಷ್ಟ. ಕಟ್ಟೆ ಕೆಳಗೆ ಕೂರುವ ಮೆಷಿನ್ನಿಗೆ ಕನಿಷ್ಠ 815 ಮಿಲಿಮೀಟರ್ ಎತ್ತರದ ಜಾಗ ಬೇಕು. ನಮ್ಮ ಕಟ್ಟೆ ಸಾಮಾನ್ಯವಾಗಿ 33 ಇಂಚು, ಅಂದರೆ 838. ಅದರಲ್ಲಿ ಗ್ರಾನೈಟಿಗೆ 20, ಅದರಡಿಯ ಕಡಪ ಕಲ್ಲಿಗೆ 25 ಕಳೆಯಿರಿ. ಉಳಿದದ್ದು 793. ಮೆಷಿನ್ ಹೋಗುವುದಿಲ್ಲ! ಎರಡು ಸೆಂಟಿಮೀಟರಿಗೆ ಕಟ್ಟೆ ಒಡೆಸುವ ಪರಿಸ್ಥಿತಿ ಬರುತ್ತದೆ. ಹೊಸ ಮನೆಯಾದರೆ ಸಿಂಕಿನ ಪಕ್ಕದ ಎರಡಡಿಯಲ್ಲಿ ಕಡಪ ಹಾಸುವುದನ್ನೇ ಬಿಡಿ, ಅಥವಾ ಕಟ್ಟೆಯನ್ನು 35 ಇಂಚಿಗೆ ಎತ್ತಿ. ನೆಲಕ್ಕೆ ಟೈಲ್ಸ್ ಬಿದ್ದ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದೇ ಲೆಕ್ಕ, ಪ್ಲಾಸ್ಟರ್ ಹಂತದಲ್ಲಿ ಅಳೆದದ್ದಲ್ಲ. ಕಡಪದ ಎರಡು ನಿಲುಗಲ್ಲುಗಳ ನಡುವೆ 600 ಮಿಲಿಮೀಟರ್ ಪೂರ್ತಿ ಸಿಗಬೇಕು.

ಬುಟ್ಟಿ ನೋಡುವಾಗ ನಿಮ್ಮ ಮನೆಯ ಅತಿ ದೊಡ್ಡ ತಪ್ಪಲೆಯ ಅಳತೆ ಜೇಬಿನಲ್ಲಿರಲಿ. ಮೂರನೇ ಟ್ರೇ ಇರುವ ದುಬಾರಿ ಮಾಡೆಲ್ ಚಮಚಗಳಿಗೆ ಚೆನ್ನ, ಆದರೆ ಅದರಿಂದ ಕೆಳಗಿನ ಎತ್ತರ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ಕುಕ್ಕರ್ ಹಾಕಿದರೆ ಕಪ್ಪಾಗುತ್ತದೆ, ಹಿತ್ತಾಳೆಯ ಹೊಳಪು ಹೋಗುತ್ತದೆ. ಅದು ಮೆಷಿನ್ನಿನ ತಪ್ಪಲ್ಲ, ಡಿಟರ್ಜೆಂಟಿನ ಕ್ಷಾರದ ಕೆಲಸ.

ಇನ್ನು ನೀರು. ಕಾವೇರಿ ನೀರಿನ ಮನೆಗೂ ಬೋರ್‌ವೆಲ್ಲು, ಟ್ಯಾಂಕರ್ ನಂಬಿದ ಮನೆಗೂ ಡಿಶ್‌ವಾಷರಿನಲ್ಲಿ ನೀರು ಮೆದು ಮಾಡುವ ಸೆಟ್ಟಿಂಗ್ ಒಂದೇ ಆಗುವುದಿಲ್ಲ. ಮೆಷಿನ್ ಪುಸ್ತಕದಲ್ಲಿ ನೀರಿನ ಗಡಸುತನ (ಹಾರ್ಡ್‌ನೆಸ್) ಜರ್ಮನ್ ಡಿಗ್ರಿಯಲ್ಲಿರುತ್ತದೆ, ನಮ್ಮ ಲ್ಯಾಬ್ ವರದಿಯಲ್ಲಿ ಪಿಪಿಎಂ, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ. ಒಂದು ಡಿಗ್ರಿಗೆ 17.8 ಪಿಪಿಎಂ, ಅಂದರೆ 500 ಪಿಪಿಎಂ ನೀರು 28 ಡಿಗ್ರಿ. ವಾಟರ್ ಪ್ಯೂರಿಫೈಯರ್‌ನವರ ಟಿಡಿಎಸ್ ಮೀಟರು ನೀರಿನಲ್ಲಿ ಕರಗಿದ್ದೆಲ್ಲವನ್ನೂ ಸೇರಿಸಿ ತೋರಿಸುತ್ತದೆ, ಆ ಅಂಕಿ ಇಲ್ಲಿ ನಡೆಯದು, ಹಾರ್ಡ್‌ನೆಸ್ ಟೆಸ್ಟ್ ಸ್ಟ್ರಿಪ್ ತನ್ನಿ. ಸೆಟ್ಟಿಂಗ್ ಕಡಿಮೆ ಇಟ್ಟರೆ ಲೋಟದ ಮೇಲೆ ಬಿಳಿ ಪದರ ಕಟ್ಟುತ್ತದೆ. ನೀರು ಮೆದು ಮಾಡಲು ಮೆಷಿನ್ನಿನಲ್ಲಿರುವ ಉಪ್ಪಿನ ತೊಟ್ಟಿಗೆ ಡಿಶ್‌ವಾಷರ್ ಸಾಲ್ಟೇ ಹಾಕಿ, ಸಾಂಬಾರಿನ ಪುಡಿ ಉಪ್ಪಲ್ಲ. ಒತ್ತಡವನ್ನೂ ನೋಡಿ. ಓವರ್‌ಹೆಡ್ ಟ್ಯಾಂಕ್ ಹತ್ತು ಅಡಿ ಮೇಲಿದ್ದರೆ ನಲ್ಲಿಯಲ್ಲಿ ಸಿಗುವುದು ಸುಮಾರು 0.3 ಬಾರ್. ಬಹಳಷ್ಟು ಮೆಷಿನ್ 0.5 ಕೇಳುತ್ತವೆ. ಮೇಲಿನ ಮಹಡಿಯವರಿಗೆ "ನೀರು ಬರುತ್ತಿಲ್ಲ" ಅಂತ ಎರರ್ ಬರುವುದು ಇದಕ್ಕೇ. ಪ್ರೆಶರ್ ಪಂಪಿನ ಖರ್ಚನ್ನೂ ಬಜೆಟ್ಟಿಗೆ ಸೇರಿಸಿ.

ಹಾಬ್ ಮತ್ತು ಚಿಮ್ಣಿ ಸೆಟ್ಟಿನದ್ದೇ ಆಗಬೇಕು ಅನ್ನುವ ಹಠ ಬಿಡಿ. ಓವನ್ನಿನಲ್ಲಿ ಚೆನ್ನಾಗಿರುವ ಕಂಪನಿಯ ಹಾಬಿಗೆ ನಮ್ಮ ಕಾವಲಿಯ ಪರಿಚಯ ಇರಬೇಕೆಂದೇನೂ ಇಲ್ಲ. ಮನೆಯ ದೋಸೆ ಕಾವಲಿ, ಐದು ಲೀಟರ್ ಕುಕ್ಕರ್, ಬಾಣಲೆ ಮೂರನ್ನೂ ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿಕೊಳ್ಳಿ. ಶೋರೂಮಿನಲ್ಲಿ ಆ ಚಕ್ರಗಳನ್ನು ಬರ್ನರ್ ಮೇಲೆ ಹಾಸಿ. 60 ಸೆಂಟಿಮೀಟರಿನ ನಾಲ್ಕು ಬರ್ನರ್ ಹಾಬಿನಲ್ಲಿ ಹನ್ನೆರಡು ಇಂಚಿನ ಕಾವಲಿ ಇಟ್ಟರೆ ಪಕ್ಕದ ಬರ್ನರ್ ಅರ್ಧ ಮುಚ್ಚಿಹೋಗುತ್ತದೆ. ಅಲ್ಲಿದ್ದವರು ನಕ್ಕರೆ ನಗಲಿ. ಗ್ರಾನೈಟ್ ಕೊಯ್ಯಿಸುವುದು ಹಾಬ್ ಮನೆಗೆ ಬಂದ ಮೇಲೆಯೇ. ಕಟೌಟ್ ಅಳತೆ ಕಂಪನಿಗೊಂದು ಥರ, ದೊಡ್ಡದಾಗಿ ಕೊಯ್ದ ತೂತಿಗೆ ಮದ್ದಿಲ್ಲ.

ಗ್ಯಾಸ್ ಯಾವುದು ಅಂತ ಬಿಲ್ ಮಾಡಿಸುವ ಮೊದಲೇ ಹೇಳಿ. ಸಿಲಿಂಡರಿನ ಎಲ್‌ಪಿಜಿ ಒಲೆಗೆ 30 ಮಿಲಿಬಾರಿನಲ್ಲಿ ಬರುತ್ತದೆ, ಪೈಪಿನ ಗ್ಯಾಸ್ ಸುಮಾರು 21ರಲ್ಲಿ. ಬರ್ನರಿಗೆ ಗ್ಯಾಸ್ ಬಿಡುವ ಜೆಟ್ಟಿನ ತೂತೂ ಬೇರೆ. ಎಲ್‌ಪಿಜಿ ಜೆಟ್ಟಿಗೆ ಪೈಪ್ ಗ್ಯಾಸ್ ಕೊಟ್ಟರೆ ಉರಿ ಸೊರಗುತ್ತದೆ, ಉಲ್ಟಾ ಆದರೆ ಹಳದಿ ಜ್ವಾಲೆ ಮೇಲೆದ್ದು ಪಾತ್ರೆ ಮಸಿ ಹಿಡಿಯುತ್ತದೆ. ಹಾಬಿನ ಕೆಳಗಿನ ಕಪಾಟಿಗೆ ಗಾಳಿ ಕಿಂಡಿಯೂ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಕಿಂಡಿ ನೆಲದ ಹತ್ತಿರ ಇರಲಿ. ಪೈಪ್ ಗ್ಯಾಸ್ ಹಗುರ, ಅದಕ್ಕೆ ಮೇಲ್ಗಡೆ.

ಚಿಮ್ಣಿಯ ಬಾಕ್ಸ್ ಮೇಲಿರುವ 1,200, 1,500 ಅಂಕಿಗೆ ಮರುಳಾಗಬೇಡಿ. ಅದು ಪೈಪಿನ ತಡೆ ಇಲ್ಲದಾಗ ಗಂಟೆಗೆ ಎಳೆಯುವ ಗಾಳಿ, ಘನಮೀಟರ್ ಲೆಕ್ಕದಲ್ಲಿ. ಆರು ಇಂಚಿನ ಪೈಪನ್ನು ನಾಲ್ಕಕ್ಕೆ ಇಳಿಸಿದರೆ ದಾರಿ ಅರ್ಧಕ್ಕಿಂತ ಕಡಿಮೆಯಾಯಿತು, ಸದ್ದು ಮಾತ್ರ ಹೆಚ್ಚಾಯಿತು. ಗೋಡೆಯಲ್ಲಿ ಆರಿಂಚಿನ ತೂತು ಬೀಳುವಲ್ಲಿ ಕಾಂಕ್ರೀಟ್ ಬೀಮ್ ಬಂದರೆ ಕೊರೆಯಬೇಡಿ, ಜಾಗ ಬದಲಿಸಿ. ಹಾಬಿಗಿಂತ ಚಿಮ್ಣಿ ಕಿರಿದಾಗಿರಬಾರದು, ಮಧ್ಯೆ 65ರಿಂದ 75 ಸೆಂಟಿಮೀಟರ್ ಅಂತರ ಸಾಕು. ಒಣಮೆಣಸಿನಕಾಯಿ ಒಗ್ಗರಣೆ ಘಾಟು ನಡುಮನೆಗೆ ಬಂತು ಅಂದರೆ ಮೋಟರನ್ನು ಬೈಯುವ ಮೊದಲು ಪೈಪಿನ ಬೆಂಡು ಎಣಿಸಿ.

ಕರೆಂಟಿನ ಲೆಕ್ಕ ಚಿಕ್ಕದು. ಓವನ್ ಮೂರು ಕಿಲೋವ್ಯಾಟ್, ಕಾಂಪ್ಯಾಕ್ಟ್ ಇನ್ನೊಂದು ಮೂರು, ಡಿಶ್‌ವಾಷರ್ ಎರಡಕ್ಕೂ ಮೇಲೆ. 230 ವೋಲ್ಟಿನಲ್ಲಿ 16 ಆಂಪಿಯರ್ ಪಾಯಿಂಟ್ ಹೊರುವುದು 3.7 ಕಿಲೋವ್ಯಾಟ್. ಒಂದೊಂದಕ್ಕೂ ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ (ಲೋಡು ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇರಲಿ. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡು ಮೂರೋ ಐದೋ ಇದ್ದರೆ ಮೊದಲು ಅದನ್ನು ಹೆಚ್ಚಿಸಿಕೊಳ್ಳಿ. 7.4 ಕಿಲೋವ್ಯಾಟಿನ ಇಂಡಕ್ಷನ್ ಹಾಬಿಗೆ 32 ಆಂಪಿಯರ್ ಲೈನೇ ಬೇಕು.

ಫ್ರಿಜ್ಜಿನಲ್ಲಿ ನಾನು ಬಿಲ್ಟ್-ಇನ್ ಕಡೆ ಇಲ್ಲ. ಬಾಗಿಲಿಗೆ ಲ್ಯಾಮಿನೇಟ್ ಹೊದಿಸಿ ಅಡಗಿಸಿಟ್ಟರೆ ಕಣ್ಣಿಗೆ ಹಿತ, ಆದರೆ ಅದೇ ಎತ್ತರದ ಸಾದಾ ಫ್ರಿಜ್ಜಿಗಿಂತ ಜಾಗ ಕಡಿಮೆ, ದೋಸೆ ಹಿಟ್ಟಿನ ಡಬ್ಬ ಇಡಲು ಒದ್ದಾಡಬೇಕು. 91 ಸೆಂಟಿಮೀಟರ್ ಅಗಲದ, ಪಕ್ಕಪಕ್ಕ ಎರಡು ಬಾಗಿಲಿನ ಫ್ರೆಂಚ್ ಡೋರ್ ಬೇಕೆಂದರೆ ಲಿಫ್ಟ್ ಮತ್ತು ಅಡುಗೆಮನೆ ಬಾಗಿಲು ಅಳೆಯಿರಿ. ಎರಡೂವರೆ ಅಡಿ ಬಾಗಿಲೆಂದರೆ 76 ಸೆಂಟಿಮೀಟರ್. ಪ್ಯಾಕಿಂಗ್ ಬಿಚ್ಚಿ, ಫ್ರಿಜ್ಜಿನ ಬಾಗಿಲು ಕಳಚಿ, ಅಡ್ಡ ತಿರುಗಿಸಿ ಒಳತರುವ ತಯಾರಿ ಇರಲಿ.

ಹಣ ಒಂದೇ ವಿಶೇಷ ಓವನ್ನಿಗೆ ಸಾಲುವುದಾದರೆ ಸ್ಟೀಮ್ ಓವನ್ ತಗೊಳ್ಳಿ. ಇಡ್ಲಿ, ಕಡುಬು, ಪತ್ರೊಡೆ ಎಲ್ಲಕ್ಕೂ ವಾರಪೂರ್ತಿ ಕೆಲಸವಿದೆ. ಕೇಕಿನ ಓವನ್ ತಿಂಗಳಿಗೊಮ್ಮೆ ಉರಿದರೆ ಹೆಚ್ಚು.

ಕೊನೆಗೊಂದು, ಮ್ಯಾಚಿಂಗ್ ಪ್ರಿಯರಿಗೇ. ಮಾಡೆಲ್ ಪಕ್ಕಾ ಮಾಡುವ ಮೊದಲು "ಗಡಿಯಾರದ ಡಿಸ್‌ಪ್ಲೇ ಆಫ್ ಮಾಡಬಹುದಾ?" ಅಂತ ಕೇಳಿ. ಕರೆಂಟು ಹೋಗಿ ಬಂದಾಗಲೆಲ್ಲ ಮೇಲೊಂದು, ಕೆಳಗೊಂದು, ಪಕ್ಕದಲ್ಲೊಂದು 12:00 ಅಂತ ಮಿಟುಕುತ್ತಾ ಕೂರುತ್ತವೆ.