ಹೊಸ ಚೀಲ, ಹಳೇ ಬ್ಯಾಳಿ

ನಮ್ಮ ಕಾಕಾ ಗಂಜ್‌ಗೆ, ಅಂದರೆ ಕಾಳುಕಡಿ ಪೇಟೆಗೆ, ಹೋದರೆ ತೊಗರಿ ಬೇಳೆಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ. ಒಂದು ಕಾಳು ಹಲ್ಲಿಗಿಟ್ಟು ಕಚ್ಚುತ್ತಾರೆ. 'ಈ ವರ್ಷದ್ದೋ, ಹೋದ ವರ್ಷದ್ದೋ?' ಎಂದು ಕೇಳದೆ ಚೀಲ ಎತ್ತಿದವರಲ್ಲ. 2019ರಲ್ಲಿ ನಮ್ಮ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇಂಥ ಊರಿನದೇ ಎಂಬ ಸರ್ಕಾರಿ ಗುರುತು, ಬಂದಾಗಲೂ ಅವರದ್ದು ಒಂದೇ ಮಾತು: 'ಟ್ಯಾಗ್ ಬೇಯಂಗಿಲ್ಲ ತಮ್ಮಾ, ಬ್ಯಾಳಿ ಬೇಯಬೇಕು.'

ಅಂಥ ಕಾಕಾ ಮೊನ್ನೆ ಸೂಪರ್ ಮಾರ್ಕೆಟ್ ಪೇಟೆಯ ಒಂದು ಅಂಗಡಿಯಲ್ಲಿ ಹಳೇ ಲ್ಯಾಪ್‌ಟಾಪ್ ಮುಂದೆ ನಿಂತಿದ್ದರು. ಕೈ ಮುಗಿಯುವುದೊಂದು ಬಾಕಿ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಲ್ಯಾಪ್‌ಟಾಪ್ ಮೂಲೆಯಲ್ಲಿ ಐ7 ಎಂಬ ನೀಲಿ ಸ್ಟಿಕ್ಕರ್ ಇದೆ, ಒಳಗಿನ ಮಿದುಳು, ಅಂದರೆ ಪ್ರೊಸೆಸರ್, ಇಂಟೆಲ್ ಕಂಪನಿಯ ಐ7 ಎಂದು ಸಾರುವುದು. ಇನ್ನೇನು ಬೇಕು?

'ಐ ಸೆವೆನ್ ರೀ ಕಾಕಾ. ಐ ತ್ರೀ, ಐ ಫೈವ್ ಎಲ್ಲಾ ಇದರ ಮುಂದ ಕೂಸು,' ಎಂದ ಅಂಗಡಿಯವನು.

'ಯಾವ ವರ್ಷದ್ದು?' ಎಂದೆ ನಾನು. ಬೀಗರ ಸಾಲ ಎಷ್ಟು ಎಂದು ಕೇಳಿದವನನ್ನು ನೋಡುವಂತೆ ಇಬ್ಬರೂ ನನ್ನನ್ನು ನೋಡಿದರು.

ಆನ್ ಮಾಡಿಸಿ ನೋಡಿದೆ. ಐ7-7500ಯು. ಗೀಟಿನ ಆಚೆಗಿನ ಮೊದಲ ಅಂಕಿಯೇ ತಲೆಮಾರು (ಹತ್ತರಿಂದ ಮುಂದಿನವಕ್ಕೆ ಮೊದಲ ಎರಡು ಅಂಕಿ). ಅಂದರೆ ಏಳನೇದು, 2016ರ ಬೆಳೆ. ಒಳಗೆ ಎರಡೇ ಕೋರ್. ಕೋರ್ ಅಂದರೆ ಕೆಲಸ ಎಳೆಯುವ ಎತ್ತು ಅಂದ್ಕೊಳ್ಳಿ. ಮರುವರ್ಷವೇ ಬಂದ ಐ5-8250ಯುಗೆ ನಾಲ್ಕು ಎತ್ತು. 12ನೇ ತಲೆಮಾರಿನ ಬಡಪಾಯಿ ಐ3-1215ಯುಗೆ ಆರು, ಎರಡು ದೊಡ್ಡವು, ನಾಲ್ಕು ಸಣ್ಣವು. ಕಾಕಾ ಕೈ ಮುಗಿಯಹೊರಟದ್ದು ಜೋಡೆತ್ತಿನ ಬಂಡಿಗೆ. ಅದನ್ನು ವಿಂಡೋಸ್ 11 ಹೊಸ್ತಿಲಲ್ಲೇ ನಿಲ್ಲಿಸುತ್ತದೆ, ಒಳಗೆ ಕರೆಯೋದು ಎಂಟನೇ ತಲೆಮಾರಿನಿಂದ. ವಿಂಡೋಸ್ 10 ಇದೆಯಲ್ಲ ಅಂತೀರಾ? ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಅದರ ಕೈ ಬಿಟ್ಟಿತು.

ತಲೆಮಾರು ಅನ್ನುವ ಮಾತಿಗೂ ಒಂದು ಮರ್ಯಾದೆ ಇತ್ತು. ನಮ್ಮ ಮನೆಯಲ್ಲಿ ಮುತ್ತಜ್ಜನಿಂದ ನನ್ನ ತನಕ ನಾಲ್ಕು ತಲೆಮಾರಿಗೆ ನೂರು ವರ್ಷ ಹಿಡಿಯಿತು. ಇಂಟೆಲ್ ಮನೆಯಲ್ಲಿ 2008ರಿಂದ 2023ರೊಳಗೆ ಹದಿನಾಲ್ಕು! ಕೆಲವು ಮೊಮ್ಮಕ್ಕಳಂತೂ ಅಜ್ಜನ ಅಂಗಿಯನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬಂದವರು. ಹತ್ತನೇ ತಲೆಮಾರಿನಲ್ಲಿ ಐ5-10210ಯು ಹಳೇ 14 ನ್ಯಾನೋಮೀಟರ್ ತಯಾರಿಕೆಯದು, ಐ5-1035ಜಿ1 ಹೊಸ 10 ನ್ಯಾನೋಮೀಟರ್‌ನದು (ಅಂಕಿ ಸಣ್ಣದಾದಷ್ಟೂ ಒಳಗಿನ ಕುಸುರಿ ಸಣ್ಣದು). ಇಬ್ಬರ ಹಣೆಯ ಮೇಲೂ ಅದೇ ಐ5.

2021ರಲ್ಲಿ ಇನ್ನೊಂದು ತಮಾಷೆ. ಸುಧಾರಿಸಿದ 10 ನ್ಯಾನೋಮೀಟರ್ ತಯಾರಿಕೆಗೆ 'ಇಂಟೆಲ್ 7' ಎಂದು ನಾಮಕರಣವಾಯಿತು. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. 2014ರಲ್ಲಿ ಗುಲಬರ್ಗಾ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಮೇ ತಿಂಗಳ ಬಿಸಿಲಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. 2023ರ ಕೊನೆಗೆ 'ಐ' ಅಕ್ಷರವೂ ಹೋಗಿ 'ಕೋರ್ ಅಲ್ಟ್ರಾ' ಬಂತು. ಐ7 ಅನ್ನುವುದನ್ನು ಜನ ಈಗಷ್ಟೇ ಬಾಯಿಪಾಠ ಮಾಡಿದ್ದರು, ಪಾಪ.

ಇಂಟೆಲ್‌ನ ಎದುರಾಳಿ ಕಂಪನಿ ಎಎಮ್‌ಡಿಯವರು ಒಂದು ಕೈ ಮೇಲು. ರೈಜೆನ್ 5 7520ಯು ಅಂತ ಒಂದಿದೆ. ಮುಂದಿನ ಏಳು ನೋಡಿದರೆ 2023ರ ಮಾಲು. ಒಳಗಿನ ಗುಟ್ಟು ಮೂರನೇ ಅಂಕಿಯಲ್ಲಿ ಕೂತಿದೆ: 2. ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ.

ಇಷ್ಟು ಹೇಳುವ ಹೊತ್ತಿಗೆ ಕಾಕಾನ ಮುಖ ಬೆಳಗಿತು. 'ಹೊಸಾ ಚೀಲದಾಗ ಹಳೇ ಬ್ಯಾಳಿ ಅನ್ನು!' ಎಂದರು. ಅಂಗಡಿಯವನ ಕಡೆ ತಿರುಗಿ, ಗಂಜ್‌ನ ದನಿಯಲ್ಲಿ, 'ಆ ಹನ್ನೆರಡನೇದು ಐ ತ್ರೀ ತೆಗಿಯಪ್ಪ' ಎಂದರು.

ನನಗೆ ಹೆಮ್ಮೆಯಾಯಿತು. ಎರಡು ನಿಮಿಷ. ರೊಕ್ಕ ಎಣಿಸುತ್ತಿದ್ದ ಕಾಕಾನ ಕೈ ನಿಂತಿತು.

'ಅಲ್ಲ ತಮ್ಮಾ, ಮಂದಿ ಕೇಳಿದ್ರ ಐ ತ್ರೀ ಅಂತ ಹ್ಯಾಂಗ ಹೇಳ್ಲಿ?'

'ಅದಕ್ಯಾಕ ಚಿಂತಿ ಮಾಡ್ತೀರಿ ಕಾಕಾ' ಎಂದ ಅಂಗಡಿಯವನು, ಡ್ರಾ ಎಳೆದು ನೀಲಿ ಸ್ಟಿಕ್ಕರ್‌ಗಳ ಹಾಳೆ ತೆಗೆದ. 'ಸೆವೆನ್ ಹಚ್ಚಲೇನು, ನೈನ್ ಹಚ್ಚಲೇನು?'

ಕಾಕಾ ಬಗ್ಗಿ ನೋಡಿದರು. 'ನೈನಿಗಿ ರೊಕ್ಕ ಜಾಸ್ತಿ ಏನು?'