ದೆಹಲಿಯ ಮತದಾರ ಚಂಚಲನಲ್ಲ

ದೆಹಲಿಯ ಮತದಾರರಿಗೆ ಸ್ಥಿರಬುದ್ಧಿ ಇಲ್ಲವೆಂದು ಬೆಂಗಳೂರಿನ ನನ್ನ ಬಂಧುಗಳು ಆಗಾಗ ಹೇಳುವುದುಂಟು. ಅಂಕಿಗಳನ್ನಷ್ಟೇ ನೋಡಿದರೆ ಹಾಗನ್ನಿಸುವುದು ಸಹಜ. 2014ರಲ್ಲಿ ಲೋಕಸಭೆಯ ಏಳಕ್ಕೆ ಏಳು ಸ್ಥಾನಗಳನ್ನೂ ಬಿಜೆಪಿಗೆ ಕೊಟ್ಟ ನಗರವು, ವರ್ಷ ತುಂಬುವ ಮೊದಲೇ ವಿಧಾನಸಭೆಯ 70 ಸ್ಥಾನಗಳಲ್ಲಿ 67ನ್ನು ಆಮ್ ಆದ್ಮಿ ಪಕ್ಷದ ಕೈಗಿಟ್ಟಿತು. 2019ರಲ್ಲಿ ಲೋಕಸಭೆಯ ಏಳೂ ಸ್ಥಾನಗಳು ಮತ್ತೆ ಬಿಜೆಪಿಗೆ ಹೋದವು. 2020ರಲ್ಲಿ ವಿಧಾನಸಭೆಯ 62 ಸ್ಥಾನಗಳು ಮತ್ತೆ ಆಪ್‌ಗೆ ಬಂದವು. 2019ರಲ್ಲಿ ಶೇ 56ಕ್ಕೂ ಹೆಚ್ಚು ಮತ ಪಡೆದಿದ್ದ ಬಿಜೆಪಿ, ಒಂಬತ್ತು ತಿಂಗಳ ನಂತರ 2020ರಲ್ಲಿ ಶೇ 39ಕ್ಕಿಂತ ಕೆಳಗಿಳಿಯಿತು.

ದೆಹಲಿಯ ನಮ್ಮ ಬೀದಿಯ ಬೇವಿನ ಮರದಡಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿರುವ ಪೂರ್ವ ಉತ್ತರ ಪ್ರದೇಶದವರೊಬ್ಬರು ಆಗ ಇದನ್ನು "ಮೇಲೆ ಮೋದಿ, ಕೆಳಗೆ ಕೇಜ್ರಿವಾಲ್" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ದೇಶದ ವಿಷಯಕ್ಕೆ ಒಬ್ಬರು; 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ, ನೀರಿಗೆ, ಸರ್ಕಾರಿ ಶಾಲೆಗೆ, ಬಸ್ಸಿನಲ್ಲಿ ಅವರ ಹೆಂಡತಿಯ ಕೈಗೆ ಕಂಡಕ್ಟರ್ ಕೊಡುತ್ತಿದ್ದ, ಉಚಿತ ಪ್ರಯಾಣದ ಗುಲಾಬಿ ಬಣ್ಣದ ಟಿಕೆಟ್ಟಿಗೆ ಇನ್ನೊಬ್ಬರು. ಇದನ್ನು ಚಂಚಲತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಷ್ಟಕ್ಕೂ ಇದು ದೆಹಲಿಯವರು ಕಂಡುಹಿಡಿದ ಜಾಣತನವೇನಲ್ಲ. 1984ರ ಡಿಸೆಂಬರಿನಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕವು, ಮರು ವರ್ಷದ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನಗಳ ಬಹುಮತ ಕೊಟ್ಟಿತ್ತು. ನಮ್ಮ ಹಿರಿಯರು ಅದನ್ನು ಪ್ರಬುದ್ಧತೆ ಎಂದು ಕೊಂಡಾಡಿದರು. ದೆಹಲಿ ಅದನ್ನೇ ಮಾಡಿದರೆ ನಾವು ಮೂಗು ಮುರಿಯುತ್ತೇವೆ.

ಎರಡು ನಗರಗಳ ನಡುವಿನ ನಿಜವಾದ ವ್ಯತ್ಯಾಸವಿರುವುದು ಬೇರೆಡೆ. ಬೆಂಗಳೂರಿನಲ್ಲಿ ಪಕ್ಷ ಬದಲಾದರೂ ಶಾಸಕರು ಬದಲಾಗದಿರುವುದನ್ನು ಕಾಣುತ್ತೇವೆ. ಯಶವಂತಪುರದ ಎಸ್.ಟಿ. ಸೋಮಶೇಖರ್, ಕೆ.ಆರ್. ಪುರದ ಬೈರತಿ ಬಸವರಾಜ್, ರಾಜರಾಜೇಶ್ವರಿ ನಗರದ ಮುನಿರತ್ನ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ ಜೆಡಿಎಸ್‌ನಿಂದ ಗೆದ್ದರು. ನಾಲ್ವರೂ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ಉಪಚುನಾವಣೆಯಲ್ಲಿ ಗೆದ್ದರು. ರಾಜ್ಯದಲ್ಲಿ ಕಾಂಗ್ರೆಸ್ 135 ಸ್ಥಾನ ಪಡೆದ 2023ರಲ್ಲಿಯೂ ಅವರು ಬಿಜೆಪಿಯಿಂದಲೇ ಆರಿಸಿ ಬಂದರು. ದೆಹಲಿಯಲ್ಲಿ 2020ರಲ್ಲಿ ಕಂಡದ್ದು ಇದರ ವಿರುದ್ಧ ಚಿತ್ರ: ಆಪ್ ಬಿಟ್ಟು ಕಾಂಗ್ರೆಸ್ಸಿಗೆ ಹೋದ ಅಲ್ಕಾ ಲಾಂಬಾ, ಬಿಜೆಪಿಗೆ ಹೋದ ಕಪಿಲ್ ಮಿಶ್ರಾ ಇಬ್ಬರೂ ಸೋತರು.

ಇದಕ್ಕೆ ಕಾರಣ ಮತದಾರರ ಸ್ವಭಾವಕ್ಕಿಂತ ಹೆಚ್ಚಾಗಿ ಆಡಳಿತದ ಏರ್ಪಾಡಿನಲ್ಲಿದೆ. ದೆಹಲಿಯಲ್ಲಿ ಭೂಮಿ ಮತ್ತು ಪೊಲೀಸು ಕೇಂದ್ರದ ಕೈಯಲ್ಲಿ, ಕಸ ಪಾಲಿಕೆಯ ಕೈಯಲ್ಲಿ. ಹೀಗಿರುವಾಗ ಶಾಸಕರು ತಮ್ಮ ಸ್ವಂತ ಪ್ರಭಾವದಿಂದ ಮಾಡಿಕೊಡಬಹುದಾದ ಕೆಲಸ ಕಡಿಮೆ. ಬೆಂಗಳೂರಿನಲ್ಲಿ ಮೋರಿಯಿಂದ ಹಿಡಿದು ಖಾತೆಯವರೆಗೆ ಎಲ್ಲದಕ್ಕೂ ಜನ ಶಾಸಕರ ಮನೆ ಬಾಗಿಲಿಗೇ ಹೋಗುತ್ತಾರೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ನಗರವು ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರುಗಳಿಲ್ಲದೆ ನಡೆದದ್ದರಿಂದ ಆ ಬಾಗಿಲಿನ ಮುಂದಿನ ಸಾಲು ಇನ್ನಷ್ಟು ಬೆಳೆಯಿತು. ತಮ್ಮ ಕೆಲಸ ಮಾಡಿಕೊಟ್ಟವರ ಪಕ್ಷ ಯಾವುದೆಂದು ಬೆಂಗಳೂರಿನವರು ಕೇಳದಿರುವುದರಲ್ಲಿ ಆಶ್ಚರ್ಯವಿಲ್ಲ. ಮತ ಹಾಕಲು ಬರುವವರು ದೆಹಲಿಗಿಂತ ಬೆಂಗಳೂರಿನಲ್ಲಿ ಕಡಿಮೆ ಎನ್ನುವುದು ಬೇರೆ ಮಾತು: 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ನಗರದ ಮೂರು ಕ್ಷೇತ್ರಗಳ ಮತದಾನ ಶೇ 54ರ ಆಸುಪಾಸಿನಲ್ಲಿ ನಿಂತರೆ, ದೆಹಲಿಯದು ಶೇ 58 ದಾಟಿತು.

ಇಲ್ಲಿನ ಕನ್ನಡಿಗರಲ್ಲಿ ಬಹಳಷ್ಟು ಜನ ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದವರು. ಛಠ್ ಪೂಜೆಯ ಘಾಟುಗಳಿಗಾಗಿ ಪಕ್ಷಗಳು ಪೈಪೋಟಿಗೆ ಬೀಳುವ ಪೂರ್ವಾಂಚಲದವರಂತೆ, ಅಂದರೆ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದಿಂದ ಬಂದವರಂತೆ, ನಾವು ಯಾವ ಅಭ್ಯರ್ಥಿಯ ಲೆಕ್ಕಕ್ಕೂ ಬರುವವರಲ್ಲ. ಹಾಗಾಗಿ ಯಾರ ಹಂಗೂ ಇಲ್ಲದೆ ನೋಡುವ ಅನುಕೂಲ ನಮಗಿದೆ.

ಹಾಗೆ ನೋಡಿದಾಗ, 2025ರ ಫಲಿತಾಂಶವೂ ನನಗೆ ಹಳೆಯ ತರ್ಕದ ಮುಂದುವರಿಕೆಯಾಗಿಯೇ ಕಾಣುತ್ತದೆ. ಬಿಜೆಪಿ 48 ಸ್ಥಾನ, ಆಪ್ 22; ಆದರೆ ಮತಗಳ ಅಂತರ ಸುಮಾರು ಶೇ 2 ಮಾತ್ರ. ಎಂಟನೇ ವೇತನ ಆಯೋಗದ ಘೋಷಣೆ, ಮತದಾನಕ್ಕೆ ನಾಲ್ಕು ದಿನ ಮೊದಲಿನ ಬಜೆಟ್ಟಿನಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ಸಿಕ್ಕ ತೆರಿಗೆ ವಿನಾಯಿತಿ, ಇವು ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಕೆಲಸ ಮಾಡಿರಲೇಬೇಕು. ಹೊಸದೆಹಲಿ ಕ್ಷೇತ್ರದಲ್ಲಿ ಕೇಜ್ರಿವಾಲ್ 4,089 ಮತಗಳಿಂದ ಸೋತರು. ಅಲ್ಲಿ ಕಾಂಗ್ರೆಸ್ಸಿನ ಸಂದೀಪ್ ದೀಕ್ಷಿತ್ ಪಡೆದದ್ದು 4,568. ಇವೆಲ್ಲಕ್ಕಿಂತ ದೊಡ್ಡ ಕಾರಣ 2022ರ ಡಿಸೆಂಬರಿನಲ್ಲಿ ಆಪ್ ಪಾಲಿಕೆಯನ್ನೂ ಗೆದ್ದದ್ದು ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಕಸಕ್ಕೆ ಬಿಜೆಪಿಯ ಪಾಲಿಕೆಯೇ ಹೊಣೆ ಎನ್ನಲು ಬರುತ್ತಿತ್ತು. ಅದೂ ಕೈಗೆ ಬಂದ ಮೇಲೆ ಬೀದಿಯ ಕೊಳೆಗೆ, ಅಗೆದುಬಿಟ್ಟ ರಸ್ತೆಗೆ ಅವರೇ ಉತ್ತರ ಹೇಳಬೇಕಾಯಿತು. ಕೇಂದ್ರ ನೇಮಿಸುವ ಉಪರಾಜ್ಯಪಾಲರು ಅಡ್ಡಗಾಲು ಹಾಕುತ್ತಾರೆಂಬ ಆಪ್‌ನ ದೂರು ನಿಜವೇ ಆಗಿದ್ದರೂ ಜನ ಕೇಳಿ ಕೇಳಿ ಸಾಕಾಗಿದ್ದರು.

ಈಗ ಸಂಸದರು, ಸರ್ಕಾರ ಎರಡೂ ಬಿಜೆಪಿಯದು. 2025ರ ಏಪ್ರಿಲ್‌ನಲ್ಲಿ ಮೇಯರ್ ಪಟ್ಟವೂ ಅದಕ್ಕೇ ಸಿಕ್ಕಿತು. ಪಾಲಿಕೆಗೆ ಮುಂದಿನ ಚುನಾವಣೆ ನಡೆಯಬೇಕಾದದ್ದು 2027ರಲ್ಲಿ. ಆಗ ಬೆರಳು ತೋರಿಸಲು ಅದಕ್ಕೂ ಇನ್ನೊಬ್ಬರು ಇರುವುದಿಲ್ಲ.