ಒಂದು ಅಗುಳಿನ ಲೆಕ್ಕ

ಅನ್ನ ಇಳಿಸುವ ಮೊದಲು ನಮ್ಮವ್ವ ಸೌಟಿನಲ್ಲಿ ಸ್ವಲ್ಪ ಎತ್ತಿ, ಒಂದೇ ಒಂದು ಅಗುಳನ್ನು ಎರಡು ಬೆರಳ ನಡುವೆ ಹಿಚುಕುತ್ತಿದ್ದಳು. ಒಳಗೆ ಬಿಳಿ ಗಟ್ಟಿ ಸಿಗದಿದ್ದರೆ ಮುಗಿಯಿತು, ಬಸಿಯುವುದೇ. "ಉಳಿದವು ಬೆಂದಾವಂತ ಹೆಂಗ ಗೊತ್ತು?" ಅಂತ ಸಣ್ಣವನಿದ್ದಾಗ ಕೇಳಿದ್ದೆ. "ಎಲ್ಲಾ ಒಂದ ನೀರಾಗ ಕುದ್ದಾವಲ್ಲೋ ತಮ್ಮಾ" ಅಂದಿದ್ದಳು.

ಕಾಲೇಜಿಗೆ ಹೋದ ಮೇಲೆ ಗೊತ್ತಾಯಿತು, ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಎಂಬ ಭಾರಿ ಹೆಸರಿದೆ. ಸ್ಥಾಲಿ ಅಂದರೆ ಪಾತ್ರೆ, ಪುಲಾಕ ಅಂದರೆ ಅಗುಳು. ಮಹಾಭಾಷ್ಯ ಬರೆದ ಪತಂಜಲಿಯೂ ಪಾತ್ರೆಯ ಗುಣ ತಿಳಿಯಲು ಒಂದು ಅಗುಳು ಸಾಕು ಅನ್ನುತ್ತಾನೆ. ಹೊಗೆಯಿದ್ದಲ್ಲಿ ಬೆಂಕಿ ಇದೆ ಎನ್ನಲು ತಾರ್ಕಿಕರು ತೋರಿಸುವುದೂ ಅಡುಗೆಮನೆಯನ್ನೇ. ಅವರೆಲ್ಲ ಒಲೆ ಮುಂದೆ ಎಷ್ಟು ಹೊತ್ತು ಕೂತಿದ್ದರೋ! ನಮ್ಮ ಕೊಪ್ಪಳವನ್ನು 'ಮಹಾ ಕೋಪಣ ನಗರ' ಎಂದು ಕರೆದ ಕವಿರಾಜಮಾರ್ಗ ಕನ್ನಡದ ಜನರನ್ನು 'ಕುರಿತೋದದೆಯುಂ' ಕಾವ್ಯ ಬಲ್ಲವರು ಅನ್ನುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ತರ್ಕವೂ ಹಾಗೇ ಬಂದಿರಬೇಕು.

ಆದರೆ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಈ ನ್ಯಾಯ ನಡೆಯುವುದಿಲ್ಲ. ಒಮ್ಮೆ ಗೆಳೆಯನ ಭತ್ತದ ಲೋಡಿನ ಜೊತೆ ಹೋಗಿದ್ದೆ. ಅಲ್ಲಿದ್ದವನು ಚೂಪು ಮೂತಿಯ ಕಬ್ಬಿಣದ ಕೊಳವೆಯಿಂದ ಚೀಲದ ಮೇಲೊಮ್ಮೆ, ನಡುವೊಮ್ಮೆ, ತಳಕ್ಕೊಮ್ಮೆ ಚುಚ್ಚಿ ಅಂಗೈಗೆ ಸುರಿದುಕೊಂಡ. ಕಾಳು ಉಜ್ಜಿದ, ಹೊಟ್ಟು ಊದಿದ, ಹಲ್ಲಿಗೆ ಹಾಕಿ ಕಟಕ್ಕೆಂದು ಕಡಿದು ಹಸಿ ಎಷ್ಟಿದೆ ನೋಡಿದ. "ಒಂದ ಕಡೆ ನೋಡಿದ್ರ ಸಾಲಲ್ಲೇನು?" ಅಂದೆ. "ಬಾಯಿ ಕಡೆ ಚೊಲೋದು ಹಾಕಿರ್ತಾರ್ರೀ" ಅಂದ. ಸರಿಯೇ. ಚೀಲ ಒಂದೇ ಇರಬಹುದು, ಒಳಗಿನ ಭತ್ತ ಒಂದೇ ನೀರಲ್ಲಿ ಕುದಿದದ್ದಲ್ಲವಲ್ಲ.

ಅವ್ವನ ಮಾತಿನ ಅರ್ಧವನ್ನಷ್ಟೇ ನಾನು ಕಲಿತಿದ್ದೆ. ನಮ್ಮ ಮಹಡಿಗೆ ಬಾಡಿಗೆಗೆ ಬಂದವರು ಮೊದಲ ದಿನ ನಾನು ಮಾತಾಡಿಸಿದರೆ ಬರೀ "ಹ್ಞೂಂ" ಅಂದರು. ಸೊಕ್ಕಿನ ಮನುಷ್ಯ ಅಂತ ತೀರ್ಪು ಕೊಟ್ಟು ಆರು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಅವತ್ತು ಅವರಿಗೆ ಹಲ್ಲು ನೋವಂತೆ! ಈಗ ಸಂಜೆ ಮಿರ್ಚಿ ಬಂಡಿಗೆ ಜೊತೆಗೇ ಹೋಗುತ್ತೇವೆ.

ಮೊನ್ನೆ ಇದನ್ನೆಲ್ಲ ಹೆಂಡತಿಗೆ ವಿವರಿಸುತ್ತಿದ್ದೆ. ಅವಳು ಸುಮ್ನೆ ಸೌಟು ನನ್ನ ಕೈಗಿಟ್ಟು ಹಿತ್ತಲಿಗೆ ಹೋದಳು. ನೀರು ಇಂಗಿಸುವ ಅನ್ನ. ಒಂದು ಅಗುಳು ಹಿಚುಕಿದೆ, ಇನ್ನೂ ಗಟ್ಟಿ. ಬಿಟ್ಟು ಪೇಪರ್ ಹಿಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಿಚುಕಿದೆ, ಹದವಾಗಿತ್ತು. ಗೆದ್ದವನ ಹಾಗೆ ಇಳಿಸಿದೆ. ಅವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

"ಮ್ಯಾಲಿನ ಅಗಳ ನೋಡಿದ್ರಿ. ತಳಕ್ಕ ಸೌಟ ಹಾಕಿದ್ರೇನ್ರೀ?"